ಆಡಿನ ಕೆನ್ನೆಗೊಂದು ಬೊಟ್ಟು

ಎಂಬತ್ತರ ದಶಕದ ಕೊನೆ. ಒಮಾನಿನ ಅಲ್ ಖೌದ್‌ನ ಮೇವಿನ ಅಂಗಡಿಯೊಂದರಲ್ಲಿ ನಾನು ಗುಮಾಸ್ತ. ಊರಲ್ಲಿ ಮಗಳು ಹುಟ್ಟಿ ಐದು ತಿಂಗಳಾಗಿತ್ತು; ನಾನಿನ್ನೂ ಅವಳ ಮುಖ ನೋಡಿರಲಿಲ್ಲ. ರಜೆ ಕೇಳಿದಾಗಲೆಲ್ಲ ಅಂಗಡಿಯ ಮಾಲೀಕ, ಅಂದರೆ ನನ್ನ ವೀಸಾ ಕೈಯಲ್ಲಿಟ್ಟುಕೊಂಡ ಕಫೀಲ್, "ಓಟು ಮುಗಿಯಲಿ" ಎನ್ನುತ್ತಿದ್ದ.

ಓಟು ಆಡು ಸಾಕುವವರದ್ದು. ಪೇಟೆಯವರು ಹಡಗಿನಲ್ಲಿ ಬಂದ ಅಗ್ಗದ ಮಾಂಸಕ್ಕೆ ಮರುಳಾಗಿದ್ದರು. ಆಡು ಮಾರಿದಾಗಲೆಲ್ಲ ಪ್ರತಿಯೊಬ್ಬರೂ ಸ್ವಲ್ಪ ದುಡ್ಡು ಕೊಡಬೇಕು, ಅದರಲ್ಲಿ 'ನಮ್ಮೂರ ಆಡನ್ನೇ ತಿನ್ನಿ' ಎಂದು ಪೋಸ್ಟರ್ ಹಚ್ಚಬೇಕು ಎಂಬುದು ಕಫೀಲ್‌ನ ಯೋಚನೆ; ಅದು ಬೇಕೋ ಬೇಡವೋ ಎಂಬುದಕ್ಕೇ ಓಟು. ಮಾದರಿ ಪೋಸ್ಟರಿನ ಕೆಲಸ ನನ್ನ ತಲೆಗೆ ಬಂತು. ಅತಿ ಚಂದದ ಆಡೊಂದರ ಫೋಟೊ ತೆಗೆಸಿ, ದೊಡ್ಡದು ಮಾಡಿಸಿ ಅಂಗಡಿ ಬಾಗಿಲಿಗೆ ಅಂಟಿಸಿದೆ. ಮರುದಿನವೇ ಆ ಆಡು ಮೇವು ಬಿಟ್ಟಿತು. ಹಿಂದಿನ ದಿನ ಹೊಟ್ಟೆ ಬಿರಿಯುವಷ್ಟು ತಿಂದದ್ದನ್ನು ನಾನೇ ನೋಡಿದ್ದೆ, ಆದರೆ ನನ್ನ ಮಾತು ಯಾರಿಗೆ ಬೇಕು.

ಅಂಗಡಿ ಮುಂದೆ ಸೇರಿದ ಸಭೆಯಲ್ಲಿ ಆ ಆಡಿನ ಒಡೆಯರಾದ ಬಿಳಿಗಡ್ಡದ ಅಜ್ಜ ನನ್ನನ್ನು ದುರುಗುಟ್ಟಿ ನೋಡಿದರು. "ದಾರಿಹೋಕರ ಕಣ್ಣೆಲ್ಲ ಅದರ ಮೇಲೆ ಬಿತ್ತು. ದುಡ್ಡು ಕೊಟ್ಟು ಕೆಟ್ಟ ಕಣ್ಣು ತರಿಸಿಕೊಳ್ಳುವುದಾ?"

ಕಫೀಲ್ ಓಟು ಕೇಳಿದಾಗ ಒಂದು ಕೈಯೂ ಮೇಲೇಳಲಿಲ್ಲ. ನನ್ನ ರಜೆ ಖಲಾಸ್ ಎಂದುಕೊಂಡೆ.

ಜೇಬಿನಿಂದ ಪೆನ್ನು ತೆಗೆದವನೇ ಪೋಸ್ಟರಿನ ಆಡಿನ ಕೆನ್ನೆಗೆ ದಪ್ಪ ಕಪ್ಪು ಬೊಟ್ಟಿಟ್ಟೆ. "ನಮ್ಮಲ್ಲಿ ಎಳೆ ಮಕ್ಕಳಿಗೆ ಹೀಗೆ ಇಡ್ತೇವೆ. ಕಣ್ಣು ಬೊಟ್ಟಿಗೆ ಹೋಗ್ತದೆ, ಮಗುವಿಗೆ ತಾಗುದಿಲ್ಲ" ಎಂದು ಅರೆಬರೆ ಅರಬಿಯಲ್ಲಿ ವಿವರಿಸಿದೆ. ಅಜ್ಜ ಹತ್ತಿರ ಬಂದು ಬೊಟ್ಟನ್ನು ಪರೀಕ್ಷಿಸಿದರು. ಯಾವುದಕ್ಕೂ ಇರಲಿ ಎಂದು ಹಣೆಗೂ ಒಂದು ಇಡಿಸಿದರು. ಆಮೇಲೆ ಕೈ ಎತ್ತಿದರು. ಉಳಿದವರೂ ಎತ್ತಿದರು.

ಕಫೀಲ್‌ಗೆ ಖುಷಿಯೋ ಖುಷಿ. ನನ್ನ ಬೆನ್ನು ತಟ್ಟಿ, "ಇಂಥ ತಲೆಯನ್ನು ಈಗ ಊರಿಗೆ ಕಳಿಸುವುದುಂಟಾ? ಪೋಸ್ಟರ್ ಕೆಲಸವೆಲ್ಲ ನೀನೇ ನೋಡಿಕೋ. ರಜೆ ಮುಂದಿನ ವರ್ಷ" ಎಂದ. ಅಷ್ಟು ಜನರೆದುರು ನನ್ನ ಕಣ್ಣು ತುಂಬಿತು. ಗೆಲ್ಲಿಸಿಕೊಟ್ಟ ತಪ್ಪಿಗೆ ನನಗೆ ನನ್ನ ಮೇಲೆಯೇ ಸಿಟ್ಟು ಬಂತು.

ಏನಾಯಿತೆಂದು ಅಜ್ಜ ಕೇಳಿದರು. ಮಗಳ ವಿಷಯ ಹೇಳಿದೆ. ಅವರ ಮುಖ ಬಿಳಿಚಿತು.

"ಸ್ವಂತ ಮಗುವನ್ನೇ ನೋಡದವನು ದಿನವಿಡೀ ನನ್ನ ಆಡಿನ ಫೋಟೊ ನೋಡುತ್ತ ನಿಟ್ಟುಸಿರು ಬಿಡುವುದಾ? ಅದಕ್ಕೆ ಯಾವ ಬೊಟ್ಟೂ ಸಾಲದು. ಇವನು ಊರಿಗೆ ಹೋಗಲಿ ಎನ್ನುವವರು ಕೈ ಎತ್ತಿ."

ಎಲ್ಲ ಕೈಗಳೂ ಒಟ್ಟಿಗೇ ಮೇಲೆದ್ದವು. ಕಫೀಲ್ ಸುತ್ತ ನೋಡಿದ. ಅವನ ಕೊಟ್ಟಿಗೆಯಲ್ಲೂ ಇಪ್ಪತ್ತು ಆಡುಗಳಿದ್ದವು. ನಿಧಾನವಾಗಿ ಅವನೂ ಕೈ ಎತ್ತಿದ.