ಪಂಕ್ಚರ್ ಅಂಗಡಿಯ ಗುರುಪೂರ್ಣಿಮೆ

ಸಂಡೂರಿನಿಂದ ಹೊಸಪೇಟೆಗೆ ಇಳಿಯುವ ದಾರಿಯಲ್ಲಿ, ಪಂಕ್ಚರ್ ಅಂಗಡಿಯೊಂದರ ಮುಂದೆ ನಮ್ಮ ಬಸ್ಸು ನಿಂತಿದೆ. ಈಗಷ್ಟೇ ಅದಿರಿನ ಲಾರಿಯೊಂದು ಹಾರ್ನ್ ಬಾರಿಸುತ್ತ ಹಿಂದಿನಿಂದ ಬಂದು, ನನ್ನ ಕಿಟಕಿಯಿಂದ ಗೇಣು ದೂರದಲ್ಲಿ ಹಾಯ್ದು, ಅಂಗಡಿ ಪಕ್ಕದ ಮಣ್ಣಿನ ಗುಡ್ಡೆಗೆ ನುಗ್ಗಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ನನ್ನ ಕಣ್ಣೆದುರು ಮಾತ್ರ ಆ ಲಾರಿ ಇನ್ನೂ ಹಾಯುತ್ತಲೇ ಇದೆ.

ಅಂಗಡಿಯ ಮುದುಕ ಹಿಂದೆ ಡ್ರೈವರ್ ಆಗಿದ್ದವರಂತೆ. ಅವರ ಬಳಿ ಸ್ಟೇರಿಂಗ್ ಹಿಡಿಯಲು ಕಲಿತವರು ಗುರುಪೂರ್ಣಿಮೆಯ ದಿನ ಇಲ್ಲಿ ಲಾರಿ ನಿಲ್ಲಿಸಿ, ಹಾರ ಹಾಕಿ, ಕಾಲಿಗೆರಗಿ ಹೋಗುತ್ತಾರೆ. ಇವತ್ತೇ ಆ ದಿನ; ಕೊರಳ ತುಂಬ ಹಾರಗಳಿದ್ದಂತೆಯೇ ಅವರು ಟ್ಯೂಬಿಗೆ ಪ್ಯಾಚ್ ಹಚ್ಚುತ್ತಿದ್ದರು.

ಗುಡ್ಡೆಗೆ ನುಗ್ಗಿದ ಲಾರಿಯ ಡ್ರೈವರ್ ಕೂಡ ಹಾರ, ತೆಂಗಿನಕಾಯಿ ಹಿಡಿದು ಬಂದ.

“ನ್ಯೂಟ್ರಲ್‌ನ್ಯಾಗ ಇಳಿಸಿದಿ, ಹೌದಿಲ್ಲೋ?” ಮುದುಕ ತಲೆ ಎತ್ತದೆ ಕೇಳಿದರು.

“ಡೀಸೆಲ್ ಉಳೀತೈತಿ ಅಂತ ಮಾಲಕ್ರು ಹೇಳಿದ್ರು, ಉಸ್ತಾದ್. ಬ್ರೇಕ್ ಕಾದು ಹಿಡೀಲೇ ಇಲ್ಲ.”

“ಗಾಡಿ ಹೊಡ್ಯಾದು ಮಾಲಕ ಕಲಿಸಿದ್ನೇನಲೇ? ಹಂಗಿದ್ರ ಹಾರ ಅವ್ನಿಗೇ ಹಾಕು, ಹೋಗು.”

ಬಸ್ಸಿನ ಜನ ನಕ್ಕರು. ಅವನು ಕದಲಲಿಲ್ಲ.

“ತಪ್ಪಾತ್ರಿ. ಒಲ್ಲೆ ಅನಬ್ಯಾಡ್ರಿ. ನಿಮ್ಮನ್ನ ಬಿಟ್ರ ನನಗ್ಯಾರದಾರ್ರಿ?”

ಮುದುಕ ಕೈ ಒರೆಸಿಕೊಂಡು, ಕೊರಳ ಹಾರಗಳನ್ನೆಲ್ಲ ತೆಗೆದು ಟೈರಿನ ಮೇಲಿಟ್ಟರು.

“ಕೀ ಕೊಡು. ಬ್ರೇಕ್ ಆರಿದ ಮ್ಯಾಲ ನಾನ ಹೊಡೀತೀನಿ. ನೀ ಕ್ಲೀನರ್ ಸೀಟಿಗೆ ಹತ್ತು. ಮತ್ತ ಮೊದ್ಲಿಂದ ಕಲಿ.”

ನಲವತ್ತರ ಆಸುಪಾಸಿನ ಆ ಮನುಷ್ಯ ಕೀ ಕೊಟ್ಟ. ಚಪ್ಪಲಿ ಕೆಳಗೇ ಬಿಟ್ಟು, ಎಡಗಡೆಯ ಬಾಗಿಲಿನಿಂದ ಹತ್ತಿ, ತೆಂಗಿನಕಾಯಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತ.