ಬೆನಿನ್ ಚೀಲದಿಂದ ಆರಿಸಿದ ಕಾಳು

ಹುಲಿಗೆವ್ವ, ಆ ಕಾಳು ಪ್ಲಾಸ್ಟಿಕ್ ಅಲ್ಲ. ಅಂದೂ ಆಗಿರಲಿಲ್ಲ. ಗೊತ್ತಿದ್ದೂ ನಿನಗೆ ಸುಳ್ಳು ಹೇಳಿದೆ.

ಗಂಗಾವತಿಯ ರೈಸ್ ಮಿಲ್ಲಿಗೆ ಸೂಪರ್‌ವೈಸರ್ ಆಗಿ ಬರುವ ಮೊದಲು ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದೆ. ಮಿಶ್ರ ಆರ್ಥಿಕತೆ ಎಂದರೆ ಸರ್ಕಾರವೂ ಸಾಹುಕಾರನೂ ಒಂದೇ ಬಂಡಿಗೆ ಹೂಡಿದ ಎತ್ತುಗಳು ಎನ್ನುತ್ತಿದ್ದೆ — ಪಶ್ಚಿಮ ಆಫ್ರಿಕಾದ ಬೆನಿನ್ ದೇಶದಲ್ಲೂ ಹಾಗೆಯೇ, ಬಂದರು ಸರ್ಕಾರದ್ದು, ವ್ಯಾಪಾರ ಖಾಸಗಿಯವರದು. ಅದೇ ಬೆನಿನ್‌ಗೆ ಅಕ್ಕಿ ಕಳಿಸುವ ಮಿಲ್ಲಿನಲ್ಲಿ ಕಂಡದ್ದು ಬೇರೆ. ಸರ್ಕಾರ ಬಡವರಿಗೆ ಕೊಟ್ಟ ರೇಷನ್ ಅಕ್ಕಿ ಹಿಂಬಾಗಿಲಿನಿಂದ ಬಂದು, ಪಾಲಿಶ್ ಆಗಿ, ಹಡಗಿಗೆ ಹೋಗುವ ಚೀಲ ಸೇರುತ್ತಿತ್ತು. ನಾನು ನೋಡಿಯೂ ನೋಡದಂತಿದ್ದೆ.

ಆ ರೇಷನ್ ಅಕ್ಕಿಯಲ್ಲಿ ಸರ್ಕಾರ ಬೆರೆಸಿದ ಕಾಳುಗಳಿರುತ್ತವೆ — ನೋಡಲು ಅಕ್ಕಿಯಂತೆಯೇ, ಬಣ್ಣ ಮಾತ್ರ ತುಸು ಬೇರೆ; ರಕ್ತ ಕಡಿಮೆ ಇರುವವರಿಗೆಂದು ಕಬ್ಬಿಣದ ಸತ್ವ ತುಂಬಿದವು. ಅವು ಕಂಡರೆ ಕಳ್ಳತನ ಬಯಲಾಗುತ್ತದೆ. ಬಣ್ಣ ನೋಡಿ ಬೇರ್ಪಡಿಸುವ ಯಂತ್ರಕ್ಕೆ ಸಿಗದೆ ಉಳಿದವನ್ನು ಆರಿಸಲು ನಿನ್ನನ್ನೂ ಉಳಿದ ಹೆಂಗಸರನ್ನೂ ಕೂರಿಸಿದೆ. ಊರಲ್ಲಿ ಇದನ್ನು ಪ್ಲಾಸ್ಟಿಕ್ ಅಕ್ಕಿ ಅನ್ನುತ್ತಾರಲ್ಲ, ನಿಜವೇ ಎಂದು ನೀನು ಕೇಳಿದೆ. ಅಲ್ಲ ಎಂದರೆ, ಮತ್ತೆ ಯಾಕೆ ಆರಿಸುವುದು ಎಂಬ ಮುಂದಿನ ಪ್ರಶ್ನೆ ಬರುತ್ತಿತ್ತು. ಹೌದೆಂದರೆ ಒಂದು ಕಾಳೂ ಬಿಡದೆ ಆರಿಸುತ್ತೀರಿ — ಅಷ್ಟೇ ಯೋಚಿಸಿದೆ.

“ಹೌದವ್ವ, ಪ್ಲಾಸ್ಟಿಕ್ಕ. ನೀವೂ ತಿನ್ನಬ್ಯಾಡ್ರಿ,” ಎಂದೆ.

ಕಲಿತವನ ಮಾತು. ಸಾಣಾಪುರದ ನಿನ್ನ ಓಣಿಯವರೆಲ್ಲ ನಂಬಿದರು, ರೇಷನ್ ಅಕ್ಕಿ ಮಾರಿಬಿಟ್ಟರು. ಅದೂ ನಮ್ಮ ಮಿಲ್ಲಿಗೇ ಬಂತು. ನಿನ್ನ ಮಗಳು ರೇಣುಕಾ ಆಗ ಬಸುರಿ. ರಕ್ತ ತೀರಾ ಕಡಿಮೆ ಎಂದು ಕೊಪ್ಪಳದ ಡಾಕ್ಟರು ಹೇಳಿದ್ದರಂತೆ. ಏಳು ತಿಂಗಳಿಗೆ ಕೂಸು ಹೊಟ್ಟೆಯಲ್ಲೇ ಹೋಯಿತು.

ಹದಿನೈದು ದಿನ ಬಿಟ್ಟು ನೀನು ಕೆಲಸಕ್ಕೆ ಬಂದೆ. ಮೊರ ಹಿಡಿದು ಕೂತು, ತಲೆ ಎತ್ತದೆ ಹೇಳಿದೆ:

“ನೀವು ಹೇಳಿದ ಮ್ಯಾಲ ಆ ಕಾಳು ಒಂದೂ ಆಕಿ ಬಾಯಿಗೆ ಬೀಳಾಕ ಬಿಡ್ಲಿಲ್ರಿ ಸರ. ಆದ್ರೂ ಹಿಂಗಾತು ನೋಡ್ರಿ.”

ತಿಂದಿದ್ದರೆ ಕೂಸು ಉಳಿಯುತ್ತಿತ್ತೋ ಇಲ್ಲವೋ — ಗೊತ್ತಿಲ್ಲ. ಆ ‘ಗೊತ್ತಿಲ್ಲ’ದ ಹಿಂದೆಯೇ ಅಡಗಿಕೊಂಡು ಮೂರು ವರ್ಷ ಕಳೆದೆ. ಮಿಲ್ಲು ಬಿಟ್ಟೆ, ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ರೇಣುಕಾ ಮತ್ತೆ ಬಸುರಿ ಎಂದು ಮೊನ್ನೆ ಹುಲಿಗಿಯ ಗುಡಿಯಲ್ಲಿ ನಿಮ್ಮೂರಿನವರು ಹೇಳಿದರು. ಈಗಲೂ ನಿನ್ನ ಮನೆಯಲ್ಲಿ ಆ ಅಕ್ಕಿ ಬೇಯಿಸುವುದಿಲ್ಲವಂತೆ.

ನಿನಗೆ ಓದಲು ಬರುವುದಿಲ್ಲ. ಅದಕ್ಕೇ ಈ ಪತ್ರ ಇಷ್ಟು ಸಲೀಸಾಗಿ ಬರೆದೆನೇನೋ — ನಾಚಿಕೆಯಾಗುತ್ತದೆ. ನಾಳೆ ಬಂದು ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತೇನೆ. ಒಂದು ಕಾಳನ್ನೂ ಆರಿಸದ ರೇಷನ್ ಅಕ್ಕಿಯ ಅನ್ನ, ರೇಣುಕಾಳ ಎದುರು ಕೂತು, ಮೊದಲು ನಾನು ಉಣ್ಣುತ್ತೇನೆ. ಅವಳು ಉಂಡ ಮೇಲೆ ನನ್ನನ್ನು ಹೊರಗೆ ಹಾಕು.