ಆರು ಅಂಕ ಇಳಿದಾಗ ನಾನು ಹೇಳಿದ ಮಾತು

ಅಕ್ಕ, ನಿನ್ನ ಹೆಸರಿನಲ್ಲಿ ಆ ಸಾಲ ಮಾಡಿದ್ದು ಭಾವ ಅಲ್ಲ, ನಾನು. ಎರಡು ವರ್ಷದಿಂದ ಈ ಮಾತು ಬಾಯಿಯವರೆಗೆ ಬಂದು ತಿರುಗಿ ಹೋಗಿದೆ — ಹಾಲಾಡಿಯಲ್ಲಿ ನಿನ್ನ ಹೊಲಿಗೆ ಅಂಗಡಿಗೆ ಬಂದಾಗಲೆಲ್ಲ. ಈಗ ಬರೆದಾಯಿತು. ಇನ್ನು ಅಳಿಸುವುದಿಲ್ಲ.

ಆ ದೀಪಾವಳಿಗೆ ಕುಂದಾಪುರದ ನಮ್ಮ ಮೊಬೈಲ್ ಅಂಗಡಿಯಲ್ಲಿ, ಕಂತಿನ ಮೇಲೆ ಇಷ್ಟು ಫೋನು ಮಾರಲೇಬೇಕೆಂದು ಮಾಲೀಕರು ಲೆಕ್ಕ ಕೊಟ್ಟಿದ್ದರು. ನನಗೆ ಒಂದು ಕಡಿಮೆ ಬಿದ್ದಿತ್ತು. ತ್ರಾಸಿ ಕಡೆಯ ಬೋಟಿನ ಕೆಲಸದವನೊಬ್ಬ ಫೋನು ಕೇಳಿಕೊಂಡು ಬಂದ. ಅವನ ಕಾಗದಪತ್ರಕ್ಕೆ ಸಾಲ ಸಿಗಲಿಲ್ಲ. ಅದೇ ಹೊತ್ತಿಗೆ ನೀನು ಒಡೆದ ಸ್ಕ್ರೀನ್ ಹಾಕಿಸಲು ಬಂದೆ. ನಿನ್ನ ಆಧಾರ್, ಪ್ಯಾನ್ ಪ್ರತಿ ಹಿಂದೆ ಕೊಟ್ಟದ್ದು ನನ್ನ ಹತ್ತಿರ ಇತ್ತು. ಓಟಿಪಿ ಬಂದದ್ದು ನಿನ್ನ ಫೋನಿಗೆ — ಆ ಫೋನು ನನ್ನ ಕೈಯಲ್ಲಿ. ಫೋಟೊ ಒಂದು ಬೇಕಿತ್ತು. ಹೊಸ ಫೋನಿನ ಕ್ಯಾಮೆರಾ ಹೇಗಿದೆ ನೋಡುವ ಎಂದೆ, ನೀನು ಕೂದಲು ಸರಿ ಮಾಡಿಕೊಂಡು ನಕ್ಕೆ. ಸಾಲದ ಅರ್ಜಿಯಲ್ಲಿ ನೀನು ಈಗಲೂ ನಗುತ್ತಿದ್ದೀಯ.

ಅವನು ಕಂತು ನನಗೆ ತಂದು ಕೊಡುತ್ತಿದ್ದ, ಆದರೆ ಪ್ರತಿ ಸಲ ತಡ. ನೀನು ಆಗಲೇ ಅಂಗಡಿಕೋಣೆ ಕೊಳ್ಳಲು ಬ್ಯಾಂಕ್ ಸಾಲಕ್ಕೆ ಓಡಾಡುತ್ತಿದ್ದೆ. ಕ್ರೆಡಿಟ್ ಸ್ಕೋರ್, ಅಂದರೆ ಸಾಲದ ಕಂತು ಹೊತ್ತಿಗೆ ಕಟ್ಟುವುದಕ್ಕೆ ಸಿಗುವ ಅಂಕ, ಚೆನ್ನಾಗಿರಬೇಕು ಎಂದು ಅಲ್ಲಿ ಹೇಳಿದ್ದೇ ತಡ, ಮಕ್ಕಳ ಮಾರ್ಕು ನೋಡಿದ ಹಾಗೆ ತಿಂಗಳು ತಿಂಗಳು ಮೊಬೈಲಿನಲ್ಲಿ ನೋಡತೊಡಗಿದೆ. ಒಂದು ದಿನ ಫೋನ್ ಮಾಡಿ, "ಆರ್ ಕಡ್ಮೆ ಆಯಿತ್ತಲ್ಲ, ಎಂತಕೆ?" ಎಂದು ಕೇಳಿದೆ.

"ತೂಕ ಇದ್ದಂಗೆ ಅಕ್ಕ. ಉಂಡ್ ಕಂಡ್ರೆ ಒಂದ್, ಉಣ್ದೇ ಕಂಡ್ರೆ ಇನ್ನೊಂದ್. ಅದಕ್ಕೆಲ್ಲ ಹೆದ್ರೂಕಾಗ."

ಕೆಟ್ಟದ್ದು ಏನೆಂದರೆ — ಅದು ಸುಳ್ಳಲ್ಲ. ಐದಾರು ಅಂಕದ ಏರಿಳಿತಕ್ಕೆ ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ ಎಂದು ಗಿರಾಕಿಗಳಿಗೂ ಹೇಳುತ್ತಿದ್ದೆ. ಆದರೆ ನಿನ್ನದು ಏಕೆ ಇಳಿಯುತ್ತಿದೆ ಎಂದು ನನಗೊಬ್ಬನಿಗೇ ಗೊತ್ತಿತ್ತು. ನಿಜವನ್ನೇ ಹೇಳಿ ನಿನ್ನ ಕಣ್ಣಿಗೆ ಮಣ್ಣೆರಚಿದೆ.

ಮುಂದಿನ ತಿಂಗಳು ಒಂಬತ್ತು ಇಳಿಯಿತು. ಆಮೇಲೆ ಏಳು. ಗೊತ್ತಿಲ್ಲದ ನಂಬರಿನ ಕರೆ ಎತ್ತಬೇಡ, ಮೋಸಗಾರರು ಇರುತ್ತಾರೆ ಎಂದು ಬುದ್ಧಿ ಹೇಳಿ, ಕಂತು ಕೇಳುವವರ ನಂಬರುಗಳನ್ನು ನಾನೇ ನಿನ್ನ ಫೋನಿನಲ್ಲಿ ಬ್ಲಾಕ್ ಮಾಡಿದೆ. ಮೋಸಗಾರ ನಿನ್ನ ಎದುರೇ ಕೂತು ನೀನು ಕೊಟ್ಟ ಚಾ ಕುಡಿಯುತ್ತಿದ್ದ.

ಆಮೇಲೆ ಆ ತ್ರಾಸಿಯವನು ರತ್ನಗಿರಿ ಕಡೆಯ ಬೋಟಿಗೆ ಹೋದ, ಫೋನಿಗೂ ಸಿಗಲಿಲ್ಲ. ಕಂತು ನಾನೇ ಕಟ್ಟಬಹುದಿತ್ತು. ಬರುತ್ತಾನೆ, ಮುಂದಿನ ತಿಂಗಳು ಬಂದೇ ಬರುತ್ತಾನೆ — ಹೀಗೆ ಮೂರು ತಿಂಗಳು ಹೋಯಿತು. ನಿನ್ನ ಅಂಕ ಆರು, ಒಂಬತ್ತಲ್ಲ, ದೊಪ್ಪೆಂದು ಬಿತ್ತು. ಬ್ಯಾಂಕಿನವರು ಸಾಲ ಇಲ್ಲ ಎಂದರು.

ನೀನು ಆ ವರದಿ ಹಿಡಿದು ನನ್ನ ಹತ್ತಿರವೇ ಬಂದೆ. ನಿನಗೆ ಗೊತ್ತಿಲ್ಲದ ಸಾಲವೊಂದು ಅದರಲ್ಲಿತ್ತು. ಮುಂಬೈ ಹೋಟೆಲಿನಲ್ಲಿ ಗಲ್ಲಾ ನೋಡಿಕೊಳ್ಳುವ ಭಾವ ರೂಮಿನ ಬಾಡಿಗೆಗೆಂದು ನಿನ್ನ ಆಧಾರ್, ಪ್ಯಾನ್ ಪ್ರತಿ ತರಿಸಿಕೊಂಡದ್ದು ನಿನಗೆ ನೆನಪಾಯಿತು. ಅವರೇನಾದರೂ — ಎಂದು ಅರ್ಧಕ್ಕೆ ನಿಲ್ಲಿಸಿದೆ. ಅಲ್ಲ ಎನ್ನಲು ಆಗ ಹೊತ್ತಿತ್ತು.

"ಭಾವನತ್ರ ಒಂದ್ಸಲ ಕೇಳ್ ಕಾಂಬ," ಎಂದೆ.

ನೀನು ಕೇಳಿದೆ. ಅವರು ಇಲ್ಲ ಎಂದರು. ನೀನು ನಂಬಲಿಲ್ಲ. ವಾರ ಕಳೆದು ಭಾವ ನನಗೆ ಫೋನ್ ಮಾಡಿದರು. "ನಾ ಮಾಡದ್ ಅಲ್ಲ ಅಂದ್ರೂ ಅವ್ಳ್ ನಂಬುದಿಲ್ಲ. ನೀನಾರೂ ಒಂದ್ ಮಾತ್ ಹೇಳ್ ಮಾರಾಯ." ಹೇಳುತ್ತೇನೆ ಎಂದೆ. ಹೇಳಲಿಲ್ಲ. ಗುಟ್ಟಾಗಿ ಸಾಲ ತೀರಿಸಿ ಮುಗಿಸಿದೆ. ನೀನು ಅದನ್ನೂ ಅವರೇ ಹೆದರಿ ಕಟ್ಟಿದ್ದು ಎಂದುಕೊಂಡೆ. ಆಗಲೂ ನಾನು ತುಟಿ ಬಿಚ್ಚಲಿಲ್ಲ. ಒಂದು ವರ್ಷದಲ್ಲಿ ನಿನ್ನ ಅಂಕ ಮೊದಲಿನಂತಾಯಿತು. ಭಾವ ಮಾತ್ರ ಊರಿಗೆ ಬರುವುದು ಬಿಟ್ಟರು.

ಮೊನ್ನೆ ನೀನು ಫೋನ್ ಮಾಡಿ, ಸೋಮವಾರ ಕುಂದಾಪುರದಲ್ಲಿ ವಕೀಲರನ್ನು ಕಾಣಲಿಕ್ಕಿದೆ, ವಿಚ್ಛೇದನದ ಅರ್ಜಿ ಬರೆಸಬೇಕು ಎಂದೆ. ಸಾಲದ ವಿಷಯ ಎಲ್ಲ ಗೊತ್ತಿರುವವನು ನೀನು, ಸಾಕ್ಷಿಗೆ ನೀನೇ ಬಾ ಎಂದು ನನ್ನನ್ನೇ ಕರೆದೆ.

ನಿನ್ನೆ ಭಾವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬೈಯಲಿ ಎಂದು ಕಾದೆ. "ಅವ್ಳಿಗೆ ಹೇಳಿದ್ಯಾ?" ಎಂದಷ್ಟೇ ಕೇಳಿದರು. ಇಲ್ಲ ಎಂದೆ. ಅವರು ಫೋನ್ ಇಟ್ಟರು.

ಈಗ ನಿನಗೂ ಹೇಳಿದ್ದೇನೆ. ಸೋಮವಾರ ವಕೀಲರ ಹತ್ತಿರ ಹೋಗುವುದು, ಬಿಡುವುದು ನಿನಗೆ ಬಿಟ್ಟದ್ದು. ಹೋದರೆ ನನ್ನ ಮೇಲೆ ದೂರು ಬರೆಸು. ಸಾಕ್ಷಿಗೆ ಭಾವನನ್ನು ಕರೆ.